ಊರು ಅಲ್ಲೇ ಇತ್ತು, ಗೆರೆ ಸರಿಯಿತು

ಸಂಡೂರಿನಲ್ಲಿ 1940ರಲ್ಲಿ ಹುಟ್ಟಿದ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಒಂಬತ್ತು ವರ್ಷ ತುಂಬುವವರೆಗೆ ಅವನು ಘೋರ್ಪಡೆ ಅರಸರ ಪ್ರಜೆ. 1949ರಲ್ಲಿ ಸಂಡೂರು ಸಂಸ್ಥಾನ ಮದರಾಸು ಪ್ರಾಂತ್ಯದಲ್ಲಿ ವಿಲೀನವಾಯಿತು, ಹುಡುಗ ಮದರಾಸಿನವನಾದ. 1953ರಲ್ಲಿ ಮೈಸೂರಿನವನಾದ. 1973ರಲ್ಲಿ ಆ ರಾಜ್ಯದ ಹೆಸರೇ ಕರ್ನಾಟಕ ಎಂದಾಯಿತು. ಇಷ್ಟೆಲ್ಲ ಆಗುವಾಗ ಅವನು ಮನೆ ಬದಲಿಸಲಿಲ್ಲ, ಮಾತು ಬದಲಿಸಲಿಲ್ಲ. ಅದೇ ಗುಡ್ಡ, ಅದೇ ಕೆಮ್ಮಣ್ಣು. ಊರು ಇದ್ದಲ್ಲೇ ಇತ್ತು; ಭೂಪಟದ ಗೆರೆ ಮಾತ್ರ ಸರಿಯುತ್ತ ಹೋಯಿತು.

ಈ ಗೆರೆಗಳನ್ನು ಎಳೆಯುವವರು ಯಾರು? ಅಳಿಸುವವರು ಯಾರು? ಪಠ್ಯಪುಸ್ತಕದಲ್ಲಿ ‘1956ರ ನವೆಂಬರ್ 1ರಂದು ಏಕೀಕರಣವಾಯಿತು’ ಎಂಬ ಒಂದು ಸಾಲು ಇರುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕ. ಆ ಒಂದು ಅಂಕದ ಹಿಂದೆ ಹಲವರ ಆಯುಷ್ಯವೇ ಇದೆ. ಅವರಲ್ಲಿ ನಮ್ಮ ಸೀಮೆಯಲ್ಲೇ ಹುಟ್ಟಿದ ಎಸ್. ನಿಜಲಿಂಗಪ್ಪನವರೂ ಒಬ್ಬರು.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ. ಅಂದು ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಓದಿಗಾಗಿ ಅವರು ಹೋದದ್ದು ದಾವಣಗೆರೆಗೆ, ಚಿತ್ರದುರ್ಗಕ್ಕೆ. ಅವೆರಡೂ ಮೈಸೂರು ಸಂಸ್ಥಾನಕ್ಕೆ ಸೇರಿದ ಊರುಗಳು. ಮನೆ ಬ್ರಿಟಿಷರ ಆಳ್ವಿಕೆಯಲ್ಲಿ, ಶಾಲೆ ಮಹಾರಾಜರ ಆಳ್ವಿಕೆಯಲ್ಲಿ! ಎರಡೂ ಕಡೆ ಮಾತು ಮಾತ್ರ ಒಂದೇ, ಕನ್ನಡ. ಏಕೀಕರಣವೆಂದರೇನು ಎಂಬುದನ್ನು ಈ ಬಾಲಕನಿಗೆ ಯಾರೂ ಭಾಷಣ ಮಾಡಿ ಹೇಳಬೇಕಾಗಿರಲಿಲ್ಲ.

ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ಪದವಿ. ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದರು. 1939ರಲ್ಲಿ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ಹೆಂಡದ ಮೂಲವನ್ನೇ ಕಡಿಯುವುದು ಅದರ ಉದ್ದೇಶ. ಅದರಲ್ಲಿ ಭಾಗಿಯಾದ ನಿಜಲಿಂಗಪ್ಪನವರಿಗೆ ಸೆರೆಮನೆವಾಸವಾಯಿತು. ವಕೀಲಿ ಸನ್ನದೂ ಹೋಯಿತು. ಮನೆಯ ಅನ್ನದ ದಾರಿಯನ್ನೇ ಪಣಕ್ಕಿಟ್ಟು ರಾಜಕೀಯಕ್ಕೆ ಬಂದವರ ಕಾಲ ಅದು.

ಆ ಹೊತ್ತಿಗೆ ಏಕೀಕರಣದ ಕೂಗು ಹಳೆಯದಾಗಿತ್ತು. ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಹೀಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಎಲ್ಲ ಕಡೆಯೂ ಮೂಲೆಗೆ ಬಿದ್ದವರು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು, ಮಲಗಿದ್ದವರನ್ನು ಎಬ್ಬಿಸಿದ್ದರು. 1920ರ ನಾಗಪುರ ಅಧಿವೇಶನದ ಬಳಿಕ ಕಾಂಗ್ರೆಸ್ಸು ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತೀಯ ಸಮಿತಿ ಕೊಟ್ಟಿತ್ತು. ಮುಂದೆ ಆ ಸಮಿತಿಯ ಅಧ್ಯಕ್ಷರಾದವರು ನಿಜಲಿಂಗಪ್ಪನವರು. ನಾಡು ಒಡೆದಿತ್ತು, ಪಕ್ಷದ ಸಮಿತಿ ಮಾತ್ರ ಒಂದಾಗಿತ್ತು. ಆ ಒಂದು ಎಳೆಯನ್ನು ಹಿಡಿದು ಅವರು ದೆಹಲಿಯ ಬಾಗಿಲು ತಟ್ಟುತ್ತಲೇ ಇದ್ದರು.

ಸ್ವಾತಂತ್ರ್ಯ ಬಂದರೂ ಬಾಗಿಲು ಬೇಗ ತೆರೆಯಲಿಲ್ಲ. ದೇಶ ಆಗಷ್ಟೇ ವಿಭಜನೆಯ ನೋವು ಉಂಡಿತ್ತು. ಭಾಷೆಯ ಹೆಸರಿನಲ್ಲಿ ಮತ್ತೆ ಬಿರುಕು ಬೇಡವೆಂಬ ಅಳುಕು ದೊಡ್ಡ ನಾಯಕರಲ್ಲಿತ್ತು. ಅಳುಕಿಗೆ ಕಾರಣವಿತ್ತು, ಆದರೆ ಜನರಿಗೆ ತಾಳ್ಮೆ ಉಳಿದಿರಲಿಲ್ಲ. ಆಂಧ್ರ ರಾಜ್ಯಕ್ಕಾಗಿ ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್‌ನಲ್ಲಿ ಪ್ರಾಣ ಬಿಟ್ಟಾಗ ಕೇಂದ್ರ ಮಣಿಯಬೇಕಾಯಿತು.

ಬಳ್ಳಾರಿ ಜಿಲ್ಲೆಯ ಹಣೆಬರಹ ನಿರ್ಧಾರವಾದದ್ದು ಆಗಲೇ. ಮದರಾಸಿನಿಂದ ಆಂಧ್ರ ಬೇರೆಯಾಗುವಾಗ ನಡುವೆ ಇದ್ದ ಬಳ್ಳಾರಿ ಯಾರಿಗೆ? ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನದು ಮಾತ್ರ ಜಗ್ಗಾಟ. ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ನಂತರ ಅದೂ ಮೈಸೂರಿಗೆ ಸೇರಿತು. 1953ರ ಅಕ್ಟೋಬರ್ 1ರಂದು ವಿಲೀನ. ಆ ಸಮಾರಂಭದ ಚಪ್ಪರವನ್ನು ಕಾಯುತ್ತಿದ್ದ ರಂಜಾನ್ ಸಾಬ್ ಎಂಬ ಕನ್ನಡಿಗ ದುಷ್ಕರ್ಮಿಗಳ ಆಸಿಡ್ ದಾಳಿಗೆ ಬಲಿಯಾದರು. ಸಂಭ್ರಮದ ದಿನವೇ ಒಂದು ಮನೆಯ ದೀಪ ಆರಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ತನ್ನ ವರದಿ ಕೊಟ್ಟಿತು. ಕನ್ನಡಿಗರ ರಾಜ್ಯಕ್ಕೆ ಒಪ್ಪಿದ ಆಯೋಗ, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳನ್ನು ಮಾತ್ರ ಆಂಧ್ರಕ್ಕೆ ಕೊಡಬೇಕೆಂದಿತು! ಕಾರಣವೇನು ಗೊತ್ತೇ? ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ನೀರು ನಿಂತ ಈ ಅಣೆಕಟ್ಟಿನ ಎಡದಂಡೆ ಅಂದು ಹೈದರಾಬಾದಿನದು, ಬಲದಂಡೆ ಮದರಾಸಿನದು. ಬಲದಂಡೆಯ ಕಾಲುವೆ ನೀರು ರಾಯಲಸೀಮೆಗೂ ಹರಿಯಬೇಕು. ಬರದ ಸೀಮೆಗೆ ನೀರಿನ ಭದ್ರತೆ ಬೇಕೆಂಬುದು ಆಯೋಗದ ವಾದ. ಮಾತಿನ ಲೆಕ್ಕ ಒಂದು ಕಡೆ, ನೀರಿನ ಲೆಕ್ಕ ಇನ್ನೊಂದು ಕಡೆ. ಕನ್ನಡಿಗರು ಪ್ರತಿಭಟಿಸಿದರು, ಕೊನೆಗೆ ಆ ಶಿಫಾರಸು ಕೈಬಿಟ್ಟಿತು. ನೀರಿನ ಹಂಚಿಕೆಗೆ ಗೆರೆ ಸರಿಸಬೇಕಿಲ್ಲ, ಇಬ್ಬರೂ ಕೂತು ಅಳೆದು ಹಂಚಿಕೊಳ್ಳುವ ಮಂಡಳಿ ಸಾಕು ಎಂಬುದನ್ನು ತುಂಗಭದ್ರಾ ಮಂಡಳಿ ಇಂದಿಗೂ ತೋರಿಸುತ್ತಿದೆ.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು. ವಯೋವೃದ್ಧ ಆಲೂರು ವೆಂಕಟರಾಯರು ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಬಂದು ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಬೆಂಗಳೂರಿನಲ್ಲಿ ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ಹಲುವಾಗಲಿನ ನಿಜಲಿಂಗಪ್ಪನವರು.

ವಿಜ್ಞಾನ ಓದುವ ಮಕ್ಕಳಿಗೆ ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ವ್ಯತ್ಯಾಸ ಗೊತ್ತು. ಕಬ್ಬಿಣದ ಪುಡಿಯನ್ನೂ ಗಂಧಕವನ್ನೂ ಕಲಸಿಟ್ಟರೆ ಅದು ಮಿಶ್ರಣ. ಅಯಸ್ಕಾಂತ ತಂದರೆ ಕಬ್ಬಿಣ ಬೇರೆಯಾಗಿ ಎದ್ದು ಬರುತ್ತದೆ. ಕಾಯಿಸಿದರೆ ಮಾತ್ರ ಎರಡೂ ಸೇರಿ ಹೊಸ ವಸ್ತುವಾಗುತ್ತದೆ. ಹೊಸ ರಾಜ್ಯವೂ ಮೊದಲ ದಿನ ಮಿಶ್ರಣವೇ ಆಗಿತ್ತು. ಒಂದೊಂದು ಭಾಗಕ್ಕೆ ಒಂದೊಂದು ಭೂಕಾನೂನು, ಒಂದೊಂದು ನೌಕರಿ ನಿಯಮ. ಹಳೇ ಮೈಸೂರಿನ ಹಲವರಿಗೆ, ಬಡ ಪ್ರದೇಶಗಳ ಭಾರ ತಮ್ಮ ಮೇಲೆ ಬೀಳುತ್ತದೆಂಬ ಆತಂಕ. ಉತ್ತರದವರಿಗೆ, ಬೆಂಗಳೂರು ತಮ್ಮನ್ನು ಕೇಳುವುದೇ ಎಂಬ ಸಂಶಯ. ಕಾಯಿಸುವ ಕೆಲಸಕ್ಕೆ ಬೆಂಕಿಯ ಬಳಿ ನಿಲ್ಲಬೇಕು. 1958ರಲ್ಲಿ ತಮ್ಮ ಪಕ್ಷದ ಒಳಜಗಳದಿಂದಲೇ ನಿಜಲಿಂಗಪ್ಪನವರು ಕುರ್ಚಿ ಬಿಡಬೇಕಾಯಿತು.

1962ರ ಚುನಾವಣೆ ಇನ್ನೂ ದೊಡ್ಡ ಪೆಟ್ಟು. ಪಕ್ಷ ಗೆದ್ದಿತು, ನಾಯಕ ಹೊಸದುರ್ಗದಲ್ಲಿ ಸೋತರು! ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದರು. ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯಲ್ಲಿ ಆಯ್ಕೆಯಾಗಿ ಬಂದಾಗ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು. ಬಾಗಲಕೋಟೆ ಹಿಂದೆ ಮುಂಬಯಿ ಪ್ರಾಂತ್ಯದಲ್ಲಿದ್ದ ಊರು. ತನ್ನ ಕಡೆಯವರು ಸೋಲಿಸಿದಾಗ, ಏಕೀಕರಣದಿಂದ ಬಂದು ಸೇರಿದ ಉತ್ತರದವರು ಕೈಹಿಡಿದರು. ನಾಡು ಮಿಶ್ರಣವಾಗಿ ಉಳಿಯದೆ ಸಂಯುಕ್ತವಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

1968ರವರೆಗೆ ಅವರು ಮತ್ತೆ ಮುಖ್ಯಮಂತ್ರಿ. ಆಲಮಟ್ಟಿಗೆ 1964ರಲ್ಲಿ ಶಂಕುಸ್ಥಾಪನೆಯಾದದ್ದು ಆ ಅವಧಿಯಲ್ಲೇ. ಗಡಿ ತಂಟೆಗೆ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು: ಬೆಳಗಾವಿ ಇಲ್ಲೇ ಉಳಿಯಬೇಕು, ಕಾಸರಗೋಡಿನ ಉತ್ತರ ಭಾಗ ಇಲ್ಲಿಗೆ ಬರಬೇಕು. ಮಹಾರಾಷ್ಟ್ರ ಒಪ್ಪಲಿಲ್ಲ. ಕಾಸರಗೋಡು ಬರಲೇ ಇಲ್ಲ. ಮುಂದೆ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1969ರಲ್ಲಿ ಪಕ್ಷ ಒಡೆದಾಗ ಇಂದಿರಾ ಗಾಂಧಿಯವರ ಎದುರು ಬಣದಲ್ಲಿ ನಿಂತರು. ನಾಡನ್ನು ಒಂದುಗೂಡಿಸಿದವರ ಕಾಲದಲ್ಲೇ ಪಕ್ಷ ಎರಡಾದದ್ದು ವಿಧಿಯ ಆಟ. 2000ರಲ್ಲಿ ಅವರು ತೀರಿಕೊಂಡರು. ಚಿತ್ರದುರ್ಗದ ಬಳಿಯ ಸೀಬಾರದಲ್ಲಿ ಅವರ ಸ್ಮಾರಕವಿದೆ.

ಭಾಷೆಯ ಅಭಿಮಾನ ನಮ್ಮಲ್ಲಿ ಮಾತ್ರ ಇರುವುದಲ್ಲ. ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ ಪತ್ರಕರ್ತರಾಗಿದ್ದ ಕಾರ್ಲೆಸ್ ಪುಗ್ದೆಮೋನ್ ಎಂಬವರು 2016ರಲ್ಲಿ ಅಲ್ಲಿನ ಸರಕಾರದ ಮುಖ್ಯಸ್ಥರಾದರು. ನ್ಯಾಯಾಲಯ ತಡೆದರೂ 2017ರ ಅಕ್ಟೋಬರ್ 1ರಂದು ಪ್ರತ್ಯೇಕ ದೇಶಕ್ಕಾಗಿ ಮತದಾನ ನಡೆಸಿದರು. ಸ್ಪೇನ್ ಸರಕಾರ ಅವರನ್ನು ಪದಚ್ಯುತಗೊಳಿಸಿತು. ಅವರು ಬೆಲ್ಜಿಯಮ್‌ಗೆ ಹೋಗಿ ನೆಲೆಸಬೇಕಾಯಿತು. ಬಳ್ಳಾರಿ ಮೈಸೂರಿಗೆ ಸೇರಿದ್ದೂ ಅಕ್ಟೋಬರ್ 1ರಂದೇ. ಅಲ್ಲಿಯವರು ಬೇರೆ ದೇಶ ಕೇಳಿದರು. ಇಲ್ಲಿಯವರು ದೇಶದೊಳಗೇ ತಮ್ಮದೊಂದು ಮನೆ ಕೇಳಿದರು. ಕೇಳಿದವರಿಗೆ ಮನೆ ಕೊಟ್ಟದ್ದರಿಂದ ದೇಶ ಒಡೆಯಲಿಲ್ಲ, ಗಟ್ಟಿಯಾಯಿತು. ಅಂದು ಅಳುಕಿದ್ದ ಹಿರಿಯರ ಲೆಕ್ಕ ಈ ಒಂದು ವಿಷಯದಲ್ಲಿ ತಪ್ಪಿತ್ತು.

ಗೆರೆಗಳು ಇಂದಿಗೂ ಸರಿಯುತ್ತಿವೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಸಂಡೂರು ತಾಲ್ಲೂಕಿನ ವಡ್ಡುವಿನಿಂದ ಹೊಸಪೇಟೆಗೆ ಹೊರಟವರು ಈಗ ಜಿಲ್ಲೆಯ ಗಡಿ ದಾಟುತ್ತಾರೆ. ಗೆರೆಯ ಆಚೆ ರಾಯದುರ್ಗ, ಆದೋನಿಗಳಲ್ಲಿ ಕನ್ನಡ ಆಡುವ ಮನೆಗಳಿವೆ; ಈಚೆ ಬಳ್ಳಾರಿ, ಕಂಪ್ಲಿಗಳಲ್ಲಿ ತೆಲುಗು ಆಡುವ ಮನೆಗಳಿವೆ. ಎಲ್ಲಿ ಎಳೆದರೂ ಗೆರೆಯ ಆಚೆ ಯಾರೋ ಉಳಿದೇ ಉಳಿಯುತ್ತಾರೆ. ಅವರ ಮಕ್ಕಳಿಗೂ ತಮ್ಮ ಮಾತಿನಲ್ಲಿ ಕಲಿಯುವ ಶಾಲೆ ಸಿಕ್ಕಾಗಲೇ ಏಕೀಕರಣದ ನ್ಯಾಯ ಪೂರ್ತಿಯಾದಂತೆ.

ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಜಮೀನಿನ ಪತ್ರವೋ ಶಾಲೆಯ ಸರ್ಟಿಫಿಕೇಟೋ ಇದ್ದರೆ ತೆಗೆದು, ತಲೆಬರಹದಲ್ಲಿ ಯಾವ ಸರಕಾರದ ಹೆಸರಿದೆ ನೋಡಬೇಕು. ತಂದೆತಾಯಿಯರು ಜೊತೆಗೆ ಕೂತು ಆ ದಿನಗಳ ನೆನಪು ಹೇಳಬೇಕು. ಪಠ್ಯಪುಸ್ತಕದ ಆ ಒಂದು ಸಾಲು ಆಗ ಮನೆಯ ಕಥೆಯಾಗುತ್ತದೆ.