ನಾಲ್ಕು ಕಾಲಿನ ತಾಳ

ನಡೆ ಎಂಬ ಮಾತಿಗೆ ಕನ್ನಡದಲ್ಲಿ ಅರ್ಥ ಒಂದೆರಡಲ್ಲ. ಮನುಷ್ಯನಿಗೆ ಅದು ಶೀಲ, ಹಾಡಿಗೆ ತಾಳದ ಗತಿ, ಪದ್ಯಕ್ಕೆ ಮಾತ್ರೆಗಳ ಓಟ. ಪದ್ಯದ ನಡೆ ಎಲ್ಲಿಯೋ ಕೆಟ್ಟಿದೆಯೆಂದು ಕಿವಿಗೆ ಸಂಶಯ ಬಂದಾಗ ನಾವು ಗುರುಲಘುಗಳ ಪ್ರಸ್ತಾರ ಹಾಕಿ ನೋಡುತ್ತೇವೆ. ನಾಯಿಯ ನಡೆಗೂ ಇಂಥದೇ ಪ್ರಸ್ತಾರವನ್ನು ಪಶುವೈದ್ಯರು ಹಾಕುತ್ತಾರೆಂದರೆ ಓದುಗರು ನಕ್ಕಾರು. ಆದರೆ ಅದಕ್ಕೆ ಕಾರಣವಾದ ವ್ಯಾಧಿ ನಗುವಂಥದಲ್ಲ.

ಡ್ಯಾಶ್‌ಹುಂಡ್ ಎಂಬುದು ಮೋಟುಕಾಲಿನ, ನೀಳಬೆನ್ನಿನ ನಾಯಿ. ಬಿಲವಾಸಿಗಳನ್ನು ಬೆನ್ನಟ್ಟಲೆಂದು ಜರ್ಮನರು ಬೆಳೆಸಿದ ತಳಿ. ಅದರ ಬೆನ್ನುಮೂಳೆಯ ಮಣಿಗಳ ನಡುವಣ ಮೆತ್ತನೆಯ ಬಿಲ್ಲೆಗಳು ಚಿಕ್ಕ ವಯಸ್ಸಿನಲ್ಲಿಯೇ ಗಡುಸಾಗುತ್ತವೆ. ಕಾಲನ್ನು ಗಿಡ್ಡಗೊಳಿಸುವ ಜೀನಿನ ವ್ಯತ್ಯಾಸಕ್ಕೂ ಈ ದೋಷಕ್ಕೂ ನಂಟಿದೆಯೆಂಬುದು 2017ರಲ್ಲಿ ಹೊರಬಿತ್ತು. ಒಂದು ದಿನ ಬಿಲ್ಲೆ ಸಿಡಿದು ಬೆನ್ನುಹುರಿಗೆ ಬಡಿಯುತ್ತದೆ. ಬೆಳಗ್ಗೆ ಮೆಟ್ಟಿಲು ಹತ್ತಿದ ನಾಯಿ ಸಂಜೆಗೆ ಹಿಂಗಾಲುಗಳನ್ನು ಎಳೆದುಕೊಂಡು ಬರುತ್ತದೆ.

ಚಿಕಿತ್ಸೆಯಾಯಿತೆನ್ನಿ. ಗುಣವಾಯಿತೋ ಇಲ್ಲವೋ ಹೇಳುವವರು ಯಾರು? ಸಾಕಿದವರ ಕಣ್ಣು ನಂಬತಕ್ಕದ್ದಲ್ಲ. ಅದರಲ್ಲಿ ಮಮತೆಯ ಪೊರೆಯಿರುತ್ತದೆ. ಕೀಲುನೋವಿನಿಂದ ಕುಂಟುವ ನಾಯಿಗಳಿಗೆ ಔಷಧವಿಲ್ಲದ ಗುಳಿಗೆ ಕೊಟ್ಟಾಗ, ಕಾಲಿನ ಭಾರವನ್ನು ಅಳೆಯುವ ಫಲಕ ಏನೂ ಸುಧಾರಣೆಯನ್ನು ತೋರಿಸದಿದ್ದರೂ, ಒಡೆಯರು ಹತ್ತಕ್ಕೆ ಸುಮಾರು ನಾಲ್ಕು ಬಾರಿ ಮೇಲಾಗಿದೆಯೆಂದರೆಂದು 2012ರ ಒಂದು ಅಧ್ಯಯನ ತಿಳಿಸಿತು. ವೈದ್ಯರ ಕಣ್ಣೂ ಇದಕ್ಕಿಂತ ಮೇಲಾಗಿರಲಿಲ್ಲ!

ಅಂಕ ಕೊಡುವ ಕ್ರಮವೂ ಉಂಟು. 2001ರಲ್ಲಿ ಪ್ರಕಟವಾದ ಒಂದು ಮಾನದಲ್ಲಿ, ನಡೆಯ ಚಿತ್ರ ತೆಗೆದು ನೋಡಿ, 0ಯಿಂದ 14ರವರೆಗೆ ಅಂಕವನ್ನು ನಿಗದಿಮಾಡುತ್ತಾರೆ. ಉಪಯುಕ್ತವಾದುದೇ. ಆದರೆ ಬೆನ್ನುಹುರಿಗೆ ಒಂದು ವಿಚಿತ್ರ ಸ್ವಭಾವವಿದೆ: ಮಿದುಳಿನ ಅಪ್ಪಣೆಯಿಲ್ಲದೆಯೂ ಅದು ಕಾಲಾಡಿಸಬಲ್ಲದು. ಹುರಿ ಕತ್ತರಿಸಿದ ಪ್ರಾಣಿಯ ಹಿಂಗಾಲುಗಳು ಹೆಜ್ಜೆಯ ಚಲನೆ ಮಾಡುವುದನ್ನು ಷೆರಿಂಗ್ಟನ್ 1910ರಲ್ಲಿಯೇ ವಿವರಿಸಿದ್ದನು. ಬೆರಳನ್ನು ಚಿವುಟಿದಾಗ ನಾಯಿ ಕಾಲೆಳೆದುಕೊಂಡರೆ ಮನೆಯವರು ಹಿಗ್ಗುತ್ತಾರೆ. ವೈದ್ಯನು ಮಾತ್ರ ನಾಯಿಯ ಮುಖ ನೋಡುತ್ತಾನೆ. ಅದು ತಿರುಗಿ ನೋಡಬೇಕು, ಕುಂಯ್ಗುಡಬೇಕು. ಆಗಲೇ ನೋವು ಮಿದುಳನ್ನು ಮುಟ್ಟಿತೆಂದು ಅರ್ಥ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಹಿಂಗಾಲು ಆಡುತ್ತದೆಯೇ ಎಂಬುದಲ್ಲ; ಮುಂಗಾಲಿನ ಮಾತನ್ನು ಹಿಂಗಾಲು ಕೇಳುತ್ತದೆಯೇ ಎಂಬುದು. ಆರೋಗ್ಯವಾದ ನಾಯಿ ಮೆಲ್ಲನೆ ನಡೆಯುವಾಗ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಈ ಕ್ರಮದಲ್ಲಿ ಊರುತ್ತದೆ. ಒಂದರಿಂದ ಇನ್ನೊಂದಕ್ಕೆ ನಡುವಣ ಕಾಲ ಹೆಚ್ಚು ಬದಲಾಗದು. ಹುರಿ ಕೆಟ್ಟಾಗ ಮುಂದಿನ ಎರಡು ಕಾಲು ಒಂದು ತಾಳ, ಹಿಂದಿನೆರಡು ಇನ್ನೊಂದು ತಾಳ. ನಾಯಿಯ ನಡುವಿಗೆ ಪಟ್ಟಿ ಕಟ್ಟಿ, ಚಲಿಸುವ ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ, ಕಾಲುಗಳಿಗೆ ಗುರುತು ಹಚ್ಚಿ ಚಿತ್ರ ತೆಗೆದು, ಹೆಜ್ಜೆಹೆಜ್ಜೆಗೂ ಆ ಅಂತರ ಎಷ್ಟು ಚದರಿದೆಯೆಂದು ಲೆಕ್ಕ ಹಾಕುತ್ತಾರೆ. ಚದರುವಿಕೆ ಕಡಿಮೆಯಾದರೆ ಹಿಂದುಮುಂದುಗಳ ನಡುವೆ ಎಲ್ಲಿಯೋ ಸಂಧಾನ ನಡೆದಿದೆಯೆಂದು ಭಾವಿಸಬಹುದು. ಈ ಲೆಕ್ಕಕ್ಕೆ ಮಮತೆಯಿಲ್ಲ. ಅದೇ ಅದರ ಗುಣ.

ಇದರ ಬೆಲೆ ಕೇಂಬ್ರಿಜ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಿಳಿಯಿತು. ಅಪಘಾತದಿಂದಲೋ ಬಿಲ್ಲೆ ಸಿಡಿದೋ ಹಿಂಗಾಲು ಹೋಗಿ ಬಹುಕಾಲ ಕಳೆದಿದ್ದ 34 ಸಾಕುನಾಯಿಗಳು ಅದರಲ್ಲಿದ್ದುವು. ನಾಯಿಯ ಮೂಗಿನ ಒಳಪೊರೆಯಲ್ಲಿ, ವಾಸನೆಯ ನರಗಳಿಗೆ ಆಸರೆಯಾದ ಒಂದು ಬಗೆಯ ಕೋಶಗಳಿವೆ. ಅವನ್ನು ತೆಗೆದು ಬೆಳೆಸಿ 23 ನಾಯಿಗಳ ಬೆನ್ನುಹುರಿಯೊಳಗೆ ಚುಚ್ಚಿದರು. ಉಳಿದ 11ಕ್ಕೆ ಬರಿಯ ದ್ರವ. ಯಾವುದಕ್ಕೆ ಯಾವುದು ಸಂದಿತೆಂಬುದು ಒಡೆಯರಿಗೂ ತಿಳಿಯದು, ಅಳೆಯುವವರಿಗೂ ತಿಳಿಯದು. ತಿಂಗಳಿಗೊಮ್ಮೆ ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ ನೋಡಿದಾಗ, ಕೋಶ ಪಡೆದ ನಾಯಿಗಳಲ್ಲಿ ಮುಂಗಾಲು ಹಿಂಗಾಲುಗಳ ಹೊಂದಿಕೆ ಮಿಕ್ಕವುಗಳಿಗಿಂತ ಸ್ಪಷ್ಟವಾಗಿ ಮೇಲಾಗಿತ್ತು.

ಪತ್ರಿಕೆಗಳು ಸಂಭ್ರಮಿಸಿದುವು, ಸಂಭ್ರಮಿಸಿದ್ದು ತಪ್ಪಲ್ಲ. ಆದರೆ ಅಳತೆ ಹೇಳಿದ ಮಾತು ಹೆಚ್ಚು ಜಿಪುಣತನದ್ದು. ಪೆಟ್ಟು ಬಿದ್ದ ಎಡೆಯನ್ನು ದಾಟುವ ಗಿಡ್ಡ ನರದಾರಿಗಳು ಕೂಡಿರಬಹುದು. ಮಿದುಳಿನಿಂದ ಕೊನೆಯವರೆಗೆ ಹೋಗುವ ನೀಳದಾರಿಗಳು ಕೂಡಿದುದಕ್ಕೆ ಸಾಕ್ಷ್ಯ ಸಿಕ್ಕಲಿಲ್ಲ. ಮೂತ್ರಕೋಶದ ಒತ್ತಡವನ್ನೂ ಅಳೆದಿದ್ದರು. ಎರಡು ಗುಂಪುಗಳ ನಡುವೆ ಅಲ್ಲಿ ಗಮನಾರ್ಹವಾದ ಭೇದ ಕಾಣಲಿಲ್ಲ. ಇಂಥ ನಾಯಿಯನ್ನು ಸಾಕುವವರಿಗೆ ಮುಖ್ಯವಾದುದು ಅದೇ. ನಾಯಿ ಎದ್ದು ನಾಲ್ಕು ಹೆಜ್ಜೆ ನಡೆದರೂ, ದಿನಕ್ಕೆ ಹಲವು ಬಾರಿ, ರಾತ್ರಿ ಮಲಗುವ ಮುನ್ನ ಮತ್ತೊಮ್ಮೆ, ಅದರ ಹೊಟ್ಟೆಯನ್ನು ಮೆಲ್ಲನೆ ಅದುಮಿ ಮೂತ್ರ ಹೊರಡಿಸುವ ಕೆಲಸ ಅವರಿಗೆ ತಪ್ಪುವುದಿಲ್ಲ.