ಪತ್ರಿಕಾ ಪ್ರಕಟಣೆಯಲ್ಲಿ ಕಾಣದ ಗಂಧದ ಮರ

2025ರ ಮೇ ತಿಂಗಳಲ್ಲಿ ನಾಡಿನ ಪತ್ರಿಕೆಗಳಲ್ಲಿ ಒಂದು ಸಾಬೂನಿನ ಸುದ್ದಿ ಹಲವು ದಿನ ನಡೆಯಿತು. ಬೆಂಗಳೂರಿನ ರಾಜಾಜಿನಗರದಲ್ಲಿ ಕಾರ್ಖಾನೆ ಹೊಂದಿರುವ, ರಾಜ್ಯ ಸರ್ಕಾರದ ಒಡೆತನದ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವು ಮೈಸೂರು ಸ್ಯಾಂಡಲ್ ಸಾಬೂನಿನ ಪ್ರಚಾರ ರಾಯಭಾರಿಯನ್ನಾಗಿ ಚಿತ್ರನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.20 ಕೋಟಿ ರೂಪಾಯಿಗೆ ನೇಮಿಸಿಕೊಂಡಿತ್ತು. ಕನ್ನಡದ ನಟಿಯರಿರಲಿಲ್ಲವೇ ಎಂದು ಕನ್ನಡಪರ ಸಂಘಟನೆಗಳು ಪ್ರಶ್ನಿಸಿದವು. ಹೊರರಾಜ್ಯಗಳ ಮಾರುಕಟ್ಟೆಯನ್ನು ತಲುಪುವ ಉದ್ದೇಶದಿಂದ, ತಜ್ಞರೊಡನೆ ಸಮಾಲೋಚಿಸಿಯೇ ಈ ತೀರ್ಮಾನ ಕೈಗೊಳ್ಳಲಾಗಿದೆಯೆಂದು ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು ಉತ್ತರಿಸಿದರು. ವಾದ ಪ್ರತಿವಾದಗಳೆರಡೂ ಜಾಹೀರಾತಿನ ಮುಖ ಯಾರದಾಗಬೇಕೆಂಬುದರ ಸುತ್ತಲೇ ತಿರುಗಿದವು. ಸಾಬೂನಿಗೆ ಹೆಸರನ್ನೂ ಪರಿಮಳವನ್ನೂ ಕೊಟ್ಟ ಮರದ ಗತಿಯೇನೆಂಬ ಪ್ರಶ್ನೆ ಆ ಗದ್ದಲದಲ್ಲಿ ಮೇಲೇಳಲಿಲ್ಲ.

ಪತ್ರಿಕಾ ಪ್ರಕಟಣೆಯೆಂಬ ಸಾಧನದ ಶಕ್ತಿ ಇರುವುದು ಇಲ್ಲಿಯೇ. ಅದು ಸುಳ್ಳು ಹೇಳಬೇಕಾದ ಅಗತ್ಯ ಬಹಳ ಸಲ ಬೀಳುವುದಿಲ್ಲ. ಯಾವ ವಿಷಯವನ್ನು ಜನ ಚರ್ಚಿಸಬೇಕೆಂಬುದನ್ನು ಅದು ಮೊದಲೇ ಗೊತ್ತುಮಾಡಿಬಿಡುತ್ತದೆ. ಹೊಗಳುವವರೂ ತೆಗಳುವವರೂ ಆ ಗೆರೆಯೊಳಗೇ ಉಳಿಯುತ್ತಾರೆ.

ಇದರ ಚರಿತ್ರೆ ಶತಮಾನಕ್ಕೂ ಹಿಂದಿನದು. 1906ರ ಅಕ್ಟೋಬರಿನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯಾ ರೈಲ್ವೆ ಕಂಪೆನಿಯ ಗಾಡಿಯೊಂದು ಸೇತುವೆಯಿಂದ ನೀರಿಗುರುಳಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಂಪೆನಿಗೆ ಸಲಹೆಗಾರನಾಗಿದ್ದ ಐವಿ ಲೀ ಎಂಬಾತ, ಸುದ್ದಿಯನ್ನು ಮುಚ್ಚಿಡುವ ಬದಲು ತಾನೇ ಹೇಳಿಕೆಯೊಂದನ್ನು ಬರೆದು ಪತ್ರಿಕೆಗಳಿಗೆ ಹಂಚಿದ. ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದಂತೆಯೇ ಅಚ್ಚುಹಾಕಿತು. ಮೊದಲ ಪತ್ರಿಕಾ ಪ್ರಕಟಣೆಯೆಂದು ಸಾಮಾನ್ಯವಾಗಿ ಹೆಸರಿಸಲಾಗುವುದು ಇದನ್ನೇ. ಎಂಟು ವರ್ಷಗಳ ತರುವಾಯ, 1914ರಲ್ಲಿ, ಕೊಲರಾಡೊದ ಲಡ್ಲೊ ಎಂಬಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆದು ಹೆಂಗಸರೂ ಮಕ್ಕಳೂ ಅಸುನೀಗಿದಾಗ, ಗಣಿಯ ಒಡೆಯರಾದ ರಾಕ್‌ಫೆಲರ್ ಕುಟುಂಬದ ಪರವಾಗಿ ಪ್ರಕಟಣೆಗಳನ್ನು ಹೊರಡಿಸಿದವನೂ ಇದೇ ಲೀ. ಅವುಗಳಲ್ಲಿ ಕಾರ್ಮಿಕ ನಾಯಕರ ಸಂಬಳದ ಬಗ್ಗೆ ಕೊಟ್ಟ ಅಂಕಿಗಳು ತಪ್ಪೆಂದು ಆಮೇಲೆ ಬಯಲಾಯಿತು. ಅಷ್ಟರಲ್ಲಿ ಅವು ಅಚ್ಚಾಗಿ ಹೋಗಿದ್ದವು.

ಜಾಹೀರಾತಿಗೆ ಹಣ ತೆರಬೇಕು. ಅದು ಜಾಹೀರಾತೆಂದು ಓದುಗನಿಗೂ ತಿಳಿದಿರುತ್ತದೆ. ಪ್ರಕಟಣೆಯಾದರೋ ಸುದ್ದಿಯ ವೇಷದಲ್ಲಿ, ಪತ್ರಿಕೆಯ ವಿಶ್ವಾಸಾರ್ಹತೆಯನ್ನು ಎರವಲು ಪಡೆದು ಬರುತ್ತದೆ. ಒಂದೇ ದಿನ ನಾಲ್ಕು ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ವಿದ್ಯಾರ್ಥಿಗೆ, ಅದೇ ವಾಕ್ಯ, ಅದೇ ಛಾಯಾಚಿತ್ರ ನಾಲ್ಕರಲ್ಲೂ ಕಾಣಸಿಗುವುದು ಅಪರೂಪವಲ್ಲ.

ರಾಜಾಜಿನಗರದ ಸಂಸ್ಥೆಯ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅದರ ಯಶಸ್ಸು ಕಟ್ಟುಕಥೆಯಲ್ಲ. 2023-24ರಲ್ಲಿ ಅದು ಗಳಿಸಿದ ಲಾಭ 362 ಕೋಟಿ ರೂಪಾಯಿ; ಅದರಿಂದ 108 ಕೋಟಿಗೂ ಹೆಚ್ಚಿನ ಲಾಭಾಂಶ ಸರ್ಕಾರಕ್ಕೆ ಸಂದಿತು. ಸಾರ್ವಜನಿಕ ಉದ್ಯಮವೊಂದು ಹೀಗೆ ತಲೆಯೆತ್ತಿ ನಿಂತರೆ ನಾಡಿನ ಜನ ಸಂತೋಷಪಡುವುದು ಸಹಜ. ಮೊದಲನೆಯ ಮಹಾಯುದ್ಧದಿಂದಾಗಿ ಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು. ಸಾಬೂನಿನ ಕಾರ್ಖಾನೆ 1957ರಲ್ಲಿ ರಾಜಾಜಿನಗರಕ್ಕೆ ಸ್ಥಳಾಂತರಗೊಂಡಿತು. ಅಲ್ಲಿಗೆ ಬಂದ ಪರಿಮಳದ ಮೂಲ ಮಲೆನಾಡಿನ ಅಂಚಿನ, ಅರೆಮಲೆನಾಡಿನ ಕುರುಚಲು ಕಾಡುಗಳಲ್ಲಿತ್ತು.

ಆ ಕಾಡುಗಳಲ್ಲಿ ಏನಾಯಿತು? 1950ರ ದಶಕದಲ್ಲಿ ದೇಶದ ವಾರ್ಷಿಕ ಉತ್ಪಾದನೆ ಸುಮಾರು 4,000 ಟನ್ ಚೇಗು ಇದ್ದದ್ದು 2007ರ ವೇಳೆಗೆ 500 ಟನ್ನಿನ ಆಸುಪಾಸಿಗೆ ಇಳಿಯಿತೆಂದು ಅರಣ್ಯ ವಿಜ್ಞಾನದ ಬರಹಗಳು ದಾಖಲಿಸಿವೆ. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗಕ್ಕೆ ಇಂದಿಗೂ ಖಚಿತವಾದ ಮದ್ದಿಲ್ಲ. ಕಳ್ಳಸಾಗಣೆ, ಬೆಂಕಿ, ಎಲ್ಲವೂ ಸೇರಿ 1998ರಲ್ಲಿ ಶ್ರೀಗಂಧವು ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿತು. ಕಾನೂನು ಕೂಡ ಮರಕ್ಕೆ ಮಿತ್ರನಾಗಿರಲಿಲ್ಲ. ತನ್ನ ಹೊಲದಲ್ಲಿ ಹುಟ್ಟಿದ ಗಂಧದ ಮರ ಸರ್ಕಾರದ ಸ್ವತ್ತು, ಕಾಯುವ ಹೊಣೆ ಮಾತ್ರ ರೈತನದು ಎಂಬ ಸ್ಥಿತಿಯಲ್ಲಿ, ಸಸಿಯನ್ನು ಕಂಡಲ್ಲೇ ಕಿತ್ತೆಸೆಯುವುದೇ ಜಾಣತನವಾಗಿತ್ತು. 2001ರ ತಿದ್ದುಪಡಿಯ ತರುವಾಯವಷ್ಟೇ ಭೂಮಿಯ ಒಡೆಯ ಮರಕ್ಕೂ ಒಡೆಯನಾದ. ವಿಜಯನಗರದಿಂದ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಕಡೆಗೆ ಶ್ರೀಗಂಧದ ಕಾವಲ್ ಎಂಬ ಪ್ರದೇಶವಿದೆ. ಈಗ ಅಲ್ಲಿ ಬಡಾವಣೆಗಳು ಎದ್ದಿವೆ.

ಸಂಸ್ಥೆಯು ಹೆಚ್ಚು ಶ್ರೀಗಂಧ ಬೆಳೆಸುವಂತೆ ರೈತರನ್ನು ಉತ್ತೇಜಿಸುವ ಕಾರ್ಯಕ್ರಮವನ್ನೂ ನಡೆಸಿದೆ. ಇದು ಸ್ವಾಗತಾರ್ಹ. ಆದರೆ ಸಸಿ ವಿತರಣೆಯ ಛಾಯಾಚಿತ್ರಕ್ಕೆ ಒಂದು ಬೆಳಗಿನ ಹೊತ್ತು ಸಾಕು. ಚೇಗು ಕಟ್ಟಲು ಹದಿನೈದು ಇಪ್ಪತ್ತು ವರ್ಷ ಬೇಕು. ಗಂಧ ಅರೆಪರಾವಲಂಬಿ, ಆರಂಭದಲ್ಲಿ ತೊಗರಿ, ಮುಂದೆ ಹೊಂಗೆ, ಗಾಳಿಮರಗಳಂತಹ ಆಸರೆ ಗಿಡಗಳ ಬೇರು ಹಿಡಿದೇ ಅದು ಬೆಳೆಯಬೇಕು. ಆಸರೆಯಿಲ್ಲದೆ ನೆಟ್ಟ ಸಸಿ ಸೊರಗುತ್ತದೆ, ಬಲಿತ ಮರಕ್ಕೆ ರಾತ್ರಿ ಕಾವಲು ಬೇಕಾಗುತ್ತದೆ. ಹಂಚಿದ ಸಸಿಗಳ ಲೆಕ್ಕ ಸುದ್ದಿಯಾಗುವಷ್ಟು ಸುಲಭವಾಗಿ, ಬದುಕಿದ ಸಸಿಗಳ ಲೆಕ್ಕ ಎಲ್ಲಿಯೂ ಸುದ್ದಿಯಾಗುವುದಿಲ್ಲ. ಜೂನ್ 5ರಂದು ನೆಡುವ ಎಲ್ಲ ಗಿಡಗಳಿಗೂ ಈ ಮಾತು ಸಲ್ಲುತ್ತದೆ.

ಪದಗಳ ಆಯ್ಕೆಯಿಂದಲೇ ಕಾರ್ಯ ಸಾಧಿಸುವುದು ಮಲೆನಾಡಿಗೆ ಹೊಸದೇನಲ್ಲ. 1984ರಲ್ಲಿ ರಾಜ್ಯ ಸರ್ಕಾರ ಹಾಗೂ ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ನಿಯಮಿತವನ್ನು ಸ್ಥಾಪಿಸಿ, ಸುಮಾರು 75,000 ಎಕರೆ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಾಗ, ಆ ನೆಲವನ್ನು ಕರೆದದ್ದು ಬೀಳುಭೂಮಿಯೆಂದು. ಗೋಮಾಳ, ಸೊಪ್ಪು, ಸೌದೆ ಎಂಬ ಮಾತುಗಳು ಅಲ್ಲಿರಲಿಲ್ಲ. ಹಳ್ಳಿಯವರು ಆ ಪದವನ್ನು ಒಪ್ಪಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಸಮಾಜ ಪರಿವರ್ತನ ಸಮುದಾಯದವರೂ ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. 1991ರಲ್ಲಿ ಆ ಕಂಪೆನಿ ಮುಚ್ಚಿತು.

ಇತ್ತೀಚಿನ ಪ್ರಕಟಣೆಗಳಲ್ಲಿ ಹೆಚ್ಚಾಗಿ ಕಾಣುವ ಪದ ಸಾಮಾಜಿಕ ಹೊಣೆಗಾರಿಕೆ. ಶಾಲೆಗೆ ಬೆಂಚು, ಕೆರೆಗೆ ಹೂಳೆತ್ತುವ ಯಂತ್ರ, ಇವೆಲ್ಲ ಕಂಪೆನಿಯ ಔದಾರ್ಯವೆಂಬಂತೆ ವರದಿಯಾಗುತ್ತವೆ. 2013ರ ಕಂಪೆನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಗಾತ್ರವನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಇಂತಹ ಕೆಲಸಗಳಿಗೆ ವೆಚ್ಚ ಮಾಡಲೇಬೇಕು. ಕಾನೂನಿನಂತೆ ಕೊಟ್ಟದ್ದಕ್ಕೆ ಹಾರ ತುರಾಯಿ ಏತಕ್ಕೋ ತಿಳಿಯದು.

ಪ್ರಕಟಣೆಯ ಆಚೆಗೂ ಕಾಗದಗಳಿವೆ. ಪರಿಸರ ಅನುಮತಿ ಪಡೆದ ಉದ್ಯಮಗಳು 2006ರ ಅಧಿಸೂಚನೆಯಂತೆ ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ರಂದು, ಷರತ್ತುಗಳ ಪಾಲನೆಯ ವರದಿ ಸಲ್ಲಿಸಬೇಕು; ಅವು ಸಾರ್ವಜನಿಕ ದಾಖಲೆಗಳು. ರಾಜಾಜಿನಗರದ ಸಂಸ್ಥೆ ಸರ್ಕಾರದ್ದಾದ ಕಾರಣ 2005ರ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದಗಳ ಮಿತಿ, 30 ದಿನಗಳಲ್ಲಿ ಉತ್ತರ. ಕಳೆದ ಐದು ವರ್ಷಗಳಲ್ಲಿ ಸಂಸ್ಥೆ ಎಷ್ಟು ಟನ್ ಗಂಧ ಕೊಂಡಿತು, ಅದರಲ್ಲಿ ಅರಣ್ಯ ಇಲಾಖೆಯ ಡಿಪೋಗಳದ್ದೆಷ್ಟು, ರೈತರದ್ದೆಷ್ಟು, ಹೊರದೇಶದ್ದೇನಾದರೂ ಇದೆಯೇ, ರೈತನಿಗೆ ಕಿಲೋಗೆ ಯಾವ ದರ ಸಂದಿತು ಎಂದು ಕೇಳಲು 150 ಪದಗಳು ಧಾರಾಳ.