ಜೂನಿಯರ್ ಟೆನಿಸ್: ಕಪ್ ಗೆದ್ದ ಮೇಲಿನ ಐದು ವರ್ಷ

2025ರ ಫೆಬ್ರುವರಿಯಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಡಬ್ಲ್ಯುಟಿಎ 125 ಟೂರ್ನಿ ನಡೆದಾಗ ಕೊಯಮತ್ತೂರಿನ ಮಾಯಾ ರಾಜೇಶ್ವರನ್ ರೇವತಿ ಅವರ ವಯಸ್ಸು 15. ಡಬ್ಲ್ಯುಟಿಎ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಸಂಘಟಕರು ಕೊಟ್ಟ ವೈಲ್ಡ್ ಕಾರ್ಡ್ ಹಿಡಿದು ಅರ್ಹತಾ ಸುತ್ತಿಗೆ ಇಳಿದ ಈ ಹುಡುಗಿ ಅದನ್ನು ದಾಟಿ, ಮುಖ್ಯ ಸುತ್ತಿನಲ್ಲೂ ಒಬ್ಬೊಬ್ಬರನ್ನೇ ಮಣಿಸುತ್ತಾ ಸೆಮಿಫೈನಲ್‌ವರೆಗೆ ಬಂದರು. ಅಲ್ಲಿ ತಡೆದವರು ಸ್ವಿಟ್ಜರ್‌ಲೆಂಡ್‌ನ ಜಿಲ್ ಟೈಕ್‌ಮನ್. ಒಂದು ಕಾಲಕ್ಕೆ ವಿಶ್ವದ 21ನೇ ಸ್ಥಾನದಲ್ಲಿದ್ದ ಅವರೇ ಕೊನೆಗೆ ಪ್ರಶಸ್ತಿಯನ್ನೂ ಗೆದ್ದರು.

ಮರುದಿನವೇ ‘ಮುಂದಿನ ಸಾನಿಯಾ’ ಎಂಬ ಮಾತು ಶುರುವಾಯಿತು. ಹಾಗೆ ಕರೆಯುವವರು ಸಾನಿಯಾ ಮಿರ್ಜಾ ಹೇಗೆ ಬೆಳೆದರು ಎಂಬುದನ್ನು ಒಮ್ಮೆ ನೆನೆಯಬೇಕು. 2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದ ಸಾನಿಯಾಗೆ ತಮ್ಮೂರು ಹೈದರಾಬಾದಿನಲ್ಲೇ ಒಂದು ಡಬ್ಲ್ಯುಟಿಎ ಟೂರ್ನಿ ಇತ್ತು. 2004ರಲ್ಲಿ ಅಲ್ಲಿ ಲೀಜೆಲ್ ಹ್ಯೂಬರ್ ಜೊತೆ ಡಬಲ್ಸ್ ಗೆದ್ದರು. ಮರುವರ್ಷ ಅಲ್ಲೇ ಸಿಂಗಲ್ಸ್ ಗೆದ್ದು, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದರು. 2007ರ ಹೊತ್ತಿಗೆ ವಿಶ್ವದ 27ನೇ ಸ್ಥಾನದಲ್ಲಿದ್ದರು. ಪ್ರತಿಭೆ ಅವರದೇ, ನಿಜ. ಆದರೆ ಅದನ್ನು ಒರೆಗೆ ಹಚ್ಚುವ ಅಂಗಳ ಮನೆಯ ಹತ್ತಿರವೇ ಇತ್ತು ಎಂಬುದೂ ಅಷ್ಟೇ ನಿಜ.

ಜೂನಿಯರ್ ಹಂತದಲ್ಲಿ ಗೆಲ್ಲುವ ಮಕ್ಕಳು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ರಾಮನಾಥನ್ ಕೃಷ್ಣನ್ 1954ರಲ್ಲಿ, ಅವರ ಮಗ ರಮೇಶ್ 1979ರಲ್ಲಿ, ಲಿಯಾಂಡರ್ ಪೇಸ್ 1990ರಲ್ಲಿ ವಿಂಬಲ್ಡನ್ ಬಾಲಕರ ಕಿರೀಟ ಗೆದ್ದವರು. 17ರಿಂದ 22ರ ನಡುವಿನ ವರ್ಷಗಳಲ್ಲಿ ಇಂಥವರ ಕೈ ಹಿಡಿಯುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಭಾರತದ ಟೆನಿಸ್ ಇನ್ನೂ ಉತ್ತರ ಕೊಟ್ಟಿಲ್ಲ.

ಯೂಕಿ ಭಾಂಬ್ರಿ ಅವರ ಹಾದಿಯನ್ನೇ ನೋಡಿ. ದೆಹಲಿಯ ಈ ಹುಡುಗ 2009ರ ಆಸ್ಟ್ರೇಲಿಯನ್ ಓಪನ್ ಬಾಲಕರ ಫೈನಲ್‌ನಲ್ಲಿ ಜರ್ಮನಿಯ ಜಾರ್ಗೌಡಾಸ್ ಅವರನ್ನು 6–3, 6–1ರಿಂದ ಬಗ್ಗುಬಡಿದಾಗ ವಯಸ್ಸು 16. ಜೂನಿಯರ್ ಪಟ್ಟಿಯಲ್ಲಿ ವಿಶ್ವದ ನಂಬರ್ 1. ಇನ್ನೆರಡು ವರ್ಷಗಳಲ್ಲಿ ದೊಡ್ಡವರ ಟೆನಿಸ್‌ನಲ್ಲೂ ಮಿಂಚುತ್ತಾರೆ ಎಂದೇ ಎಲ್ಲರೂ ಕಾದರು. ಪುರುಷರ ಸಿಂಗಲ್ಸ್‌ನಲ್ಲಿ ಮೊದಲ ನೂರರೊಳಗೆ ಕಾಲಿಡಲು ಅವರಿಗೆ ಹಿಡಿದದ್ದು ಆರು ವರ್ಷಕ್ಕೂ ಹೆಚ್ಚು. 2015ರ ಕೊನೆಯಲ್ಲಿ ಅಲ್ಲಿಗೆ ತಲುಪಿದರು, ಮರುವರ್ಷ ಮೊಣಕೈ ಕೈಕೊಟ್ಟಿತು. ಮತ್ತೆ ಎದ್ದು 2018ರಲ್ಲಿ 83ನೇ ಸ್ಥಾನಕ್ಕೆ ಏರಿದರು. ಅದೇ ವರ್ಷದ ಕೊನೆಗೆ ಮೊಣಕಾಲು ನೋವು ಶುರುವಾಗಿ ಎರಡು ವರ್ಷ ಅಂಗಳಕ್ಕೇ ಇಳಿಯಲಾಗಲಿಲ್ಲ. ಕೊನೆಗೆ ಡಬಲ್ಸ್‌ಗೆ ಹೊರಳಿದ ಯೂಕಿ, 2025ರ ಅಮೆರಿಕ ಓಪನ್‌ನಲ್ಲಿ ಮೈಕೆಲ್ ವೀನಸ್ ಜೊತೆ ಸೆಮಿಫೈನಲ್ ಆಡಿದರು. ಛಲಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಅದೇ ಹೊತ್ತಿಗೆ, 16ನೇ ವಯಸ್ಸಿನಲ್ಲಿ ಕಂಡ ಸಿಂಗಲ್ಸ್ ಆಟಗಾರನನ್ನು ನಾವು ಪೂರ್ತಿಯಾಗಿ ನೋಡಲೇ ಇಲ್ಲ ಎಂಬ ಸಂಕಟವೂ ಉಳಿಯುತ್ತದೆ.

ಗಾಯ ಯಾರನ್ನೂ ಬಿಡುವುದಿಲ್ಲ. ಹಣದ ಕೊರತೆ ಹಾಗಲ್ಲ, ಅದನ್ನು ತಪ್ಪಿಸಬಹುದು. 2015ರಲ್ಲಿ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದ ಸುಮಿತ್ ನಾಗಲ್, 2019ರ ಅಮೆರಿಕ ಓಪನ್‌ನಲ್ಲಿ ರೋಜರ್ ಫೆಡರರ್ ಅವರಿಂದ ಒಂದು ಸೆಟ್ ಕಸಿದುಕೊಂಡವರು. 2023ರಲ್ಲಿ, ದೇಶದ ನಂಬರ್ 1 ಆಟಗಾರ ಆಗಿದ್ದಾಗ, ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದು ಅವರೇ ಬಹಿರಂಗವಾಗಿ ಹೇಳಿಕೊಂಡರು. ಕೋಚ್ ಸಂಬಳ, ವಿಮಾನದ ಟಿಕೆಟ್, ಹೋಟೆಲ್ ಬಾಡಿಗೆ, ಫಿಸಿಯೊ, ವಾರವಾರವೂ ರ‍್ಯಾಕೆಟ್‌ಗೆ ಗಟ್ ಹಾಕಿಸುವ ಖರ್ಚು ಎಲ್ಲವೂ ಆಟಗಾರನ ಜೇಬಿನಿಂದಲೇ ಹೋಗಬೇಕು. ಕೆಳಹಂತದ ಎಂ15 ಟೂರ್ನಿಯ ಒಟ್ಟು ಬಹುಮಾನ 15,000 ಡಾಲರ್. ಅದೂ ಇಡೀ ಡ್ರಾಗೆ ಹಂಚಿಹೋಗುವ ಹಣ. ಬೇಗ ಸೋತವರಿಗೆ ಆ ವಾರದ ಖರ್ಚೂ ಹುಟ್ಟುವುದಿಲ್ಲ. ಖಾತೆಯ ಆ ಮಾತು ಹೇಳಿದ ಕೆಲವೇ ತಿಂಗಳಿಗೆ, 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ನಾಗಲ್ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತೀಯರೊಬ್ಬರು ಶ್ರೇಯಾಂಕಿತರನ್ನು ಮಣಿಸಿದ್ದು 1989ರ ನಂತರ ಅದೇ ಮೊದಲು.

ಮಾಯಾ ಈಗ ಸ್ಪೇನ್‌ನ ಮಯೋರ್ಕಾದಲ್ಲಿರುವ ರಫೆಲ್ ನಡಾಲ್ ಅಕಾಡೆಮಿಗೆ ಹೋಗಿದ್ದಾರೆ. ನಡಾಲ್ ಜೂನಿಯರ್ ಗ್ರ್ಯಾನ್‌ಸ್ಲಾಮ್ ಗೆದ್ದವರೇ ಅಲ್ಲ. 2002ರಲ್ಲಿ, ಇನ್ನೂ 15ರ ಹುಡುಗನಾಗಿದ್ದಾಗ, ತಮ್ಮ ದ್ವೀಪದ ಎಟಿಪಿ ಟೂರ್ನಿಯಲ್ಲಿ ಸಿಕ್ಕ ವೈಲ್ಡ್ ಕಾರ್ಡ್‌ನಿಂದ ವೃತ್ತಿಪರ ಟೆನಿಸ್‌ನ ಮೊದಲ ದೊಡ್ಡ ಗೆಲುವು ಕಂಡರು. ಮುಂಬೈನಲ್ಲಿ ಮಾಯಾಗೆ ತೆರೆದದ್ದೂ ಅಂಥದ್ದೇ ಬಾಗಿಲು. ಅವಸರ ಮಾತ್ರ ಸಲ್ಲದು. 13ಕ್ಕೇ ವೃತ್ತಿಪರರಾಗಿ, 14ಕ್ಕೆ ಫ್ರೆಂಚ್ ಓಪನ್ ಸೆಮಿಫೈನಲ್ ಆಡಿದ ಜೆನಿಫರ್ ಕ್ಯಾಪ್ರಿಯಾಟಿ ಹದಿಹರೆಯ ಮುಗಿಯುವ ಮೊದಲೇ ಬಳಲಿ ಆಟದಿಂದ ದೂರ ಸರಿದರು. ಆಮೇಲೆಯೇ ಡಬ್ಲ್ಯುಟಿಎ, 18 ತುಂಬದ ಹುಡುಗಿಯರು ವರ್ಷಕ್ಕೆ ಎಷ್ಟು ಟೂರ್ನಿ ಆಡಬಹುದು ಎಂಬುದಕ್ಕೆ ಬಿಗಿಯಾದ ಮಿತಿ ಹಾಕಿತು. ಆ ಮಿತಿ ಇರುವುದು ಒಳ್ಳೆಯದೇ.

ಕರ್ನಾಟಕದ ಪಾತ್ರವೂ ಇಲ್ಲಿ ಸಣ್ಣದಲ್ಲ. 2008ರಲ್ಲಿ ಸೆರೆನಾ ವಿಲಿಯಮ್ಸ್ ಬೆಂಗಳೂರಿಗೆ ಬಂದು ಪ್ರಶಸ್ತಿ ಗೆದ್ದ ಡಬ್ಲ್ಯುಟಿಎ ಟೂರ್ನಿ ಆಮೇಲೆ ನಮ್ಮ ಕೈತಪ್ಪಿತು. ಪುರುಷರ ಚಾಲೆಂಜರ್ ಟೂರ್ನಿ ಕಬ್ಬನ್ ಪಾರ್ಕ್‌ನ ಅಂಗಳದಲ್ಲಿ ನಡೆದುಬಂದಿದೆ. 2017ರಲ್ಲಿ ಅದನ್ನು ಗೆದ್ದವರು ಇದೇ ನಾಗಲ್. ಕಲಬುರಗಿ, ಧಾರವಾಡ, ಮಂಡ್ಯದಲ್ಲೂ ಐಟಿಎಫ್ ಟೂರ್ನಿಗಳು ನಡೆದಿವೆ. ಆದರೆ ಪ್ರಾಯೋಜಕರು ಸಿಕ್ಕ ವರ್ಷ ಟೂರ್ನಿ, ಇಲ್ಲದಿದ್ದರೆ ಇಲ್ಲ ಎಂಬಂತಾದರೆ ಪ್ರಯೋಜನ ಅರ್ಧಕ್ಕರ್ಧ ಸೋರಿಹೋಗುತ್ತದೆ. ಟೆನಿಸ್‌ನಲ್ಲಿ ಗಳಿಸಿದ ಪಾಯಿಂಟ್ 52 ವಾರ ಕಳೆದರೆ ಕಳಚಿಬೀಳುತ್ತದೆ. ಈ ವರ್ಷ ಕಲಬುರಗಿಯಲ್ಲಿ ಪಾಯಿಂಟ್ ಗಳಿಸಿದ ಹುಡುಗ ಮುಂದಿನ ವರ್ಷ ಅದನ್ನು ಉಳಿಸಿಕೊಳ್ಳಲು ವಿದೇಶದ ವಿಮಾನ ಹತ್ತಬೇಕಾಗಿ ಬರಬಾರದು. ರಾಜ್ಯ ಸರ್ಕಾರ ಮತ್ತು ಟೆನಿಸ್ ಸಂಸ್ಥೆ ಸೇರಿ ಕನಿಷ್ಠ ಮೂರು ವರ್ಷಗಳ ವೇಳಾಪಟ್ಟಿಯನ್ನು ಒಟ್ಟಿಗೇ ಪ್ರಕಟಿಸಲಿ. ವೈಲ್ಡ್ ಕಾರ್ಡ್‌ಗಳಲ್ಲಿ ಒಂದು ಪಾಲನ್ನು 22ರೊಳಗಿನವರಿಗೆ, ಅದರಲ್ಲೂ ಹುಡುಗಿಯರಿಗೆ, ಮೊದಲೇ ತೆಗೆದಿಡಲಿ.